ನೋಡುವ ಎಂಬ ಮಾತಿನ ಅರ್ಥ

ಉಪ್ಪಳ ಪೇಟೆಯಲ್ಲಿ, ಹೆದ್ದಾರಿ ಬದಿಯ ಚಪ್ಪಲಿ ಅಂಗಡಿಯೊಂದರ ಮಾಳಿಗೆಯಲ್ಲಿ ಜಪಾನಿನವರ ವಿಡಿಯೊ ಗೇಮಿಗೆ ಬೇಕಾದ ಮನೆ, ಮರ, ಸೇತುವೆಗಳು ತಯಾರಾಗುತ್ತವೆ ಎಂದರೆ ಕೆಳಗೆ ಚಪ್ಪಲಿ ಕೊಳ್ಳಲು ಬಂದವರು ನಗುತ್ತಿದ್ದರು. ಆದರೆ 2014ರಲ್ಲಿ ಅಲ್ಲಿ ಹದಿಮೂರು ಮಂದಿ ಕಂಪ್ಯೂಟರಿನ ಮುಂದೆ ಕೂತು ಅದನ್ನೇ ಮಾಡುತ್ತಿದ್ದರು. ಹನ್ನೆರಡು ಮಂದಿಗೆ ಚಿತ್ರ ಬರುತ್ತಿತ್ತು. ಹದಿಮೂರನೆಯವಳು ಶಂಕರಿ. ಅವಳಿಗೆ ಒಂದು ನೆಟ್ಟಗಿನ ಗೆರೆ ಎಳೆಯಲೂ ಬರುತ್ತಿರಲಿಲ್ಲ. ಅವಳದ್ದು ಮಾತಿನ ಕೆಲಸ.

ಹತ್ತಿರದ ಬಾಯಾರು ಎಂಬ ಹಳ್ಳಿಯ ಶಂಕರಿ ಮದುವೆಯಾದ ವರ್ಷವೇ ಗಂಡ ಶಿವಪ್ರಸಾದನ ಜೊತೆ ಜಪಾನಿಗೆ ಹೋಗಿದ್ದಳು. ಅವನು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್. ಹಮಾಮತ್ಸು ಎಂಬ ಆ ಊರಿನಲ್ಲಿ ಕಳೆದ ಆರು ವರ್ಷಗಳಲ್ಲಿ ಅವಳು ಅಲ್ಲಿನ ಭಾಷೆಯನ್ನು ಅರ್ಧ ತರಗತಿಯಲ್ಲಿ ಕಲಿತಳು, ಇನ್ನರ್ಧ ಪಕ್ಕದ ಮನೆಯ ಮುದುಕಿಯ ಹತ್ತಿರ. ಶಂಕರಿ ಮೂವತ್ತರ ಹತ್ತಿರದ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೊರಟು ಬಿದ್ದಾಗಲೆಲ್ಲ ಆ ಮುದುಕಿ ಬೇಲಿಯಾಚೆಯಿಂದ ಹುರಿದುಂಬಿಸುತ್ತಿದ್ದಳು. ಇವಳು ಎದ್ದು ಮೊಣಕಾಲು ಒರಸಿಕೊಂಡು “ಗಂಬಾರಿಮಾಸ್” ಎನ್ನುತ್ತಿದ್ದಳು. ಕೈಲಾದಷ್ಟೂ ಪ್ರಯತ್ನ ಮಾಡುತ್ತೇನೆ ಎಂದು ಅದರ ಅರ್ಥ. ಆ ಭಾಷೆಯಲ್ಲಿ ಅವಳಿಗೆ ಬಹಳ ಹಿಡಿಸಿದ ಮಾತು ಅದು. ಜಪಾನಿನಲ್ಲಿ ದೊಡ್ಡ ಭೂಕಂಪವಾದ ವರ್ಷ, 2011ರಲ್ಲಿ, ಇಬ್ಬರೂ ಊರಿಗೆ ಮರಳಿದರು. ಶಿವಪ್ರಸಾದನಿಗೆ ಮಂಗಳೂರಿನಲ್ಲಿ ಕೆಲಸವಾಯಿತು. ಶಂಕರಿಯ ಜಪಾನಿ ಭಾಷೆ ಬಾಯಾರಿನಲ್ಲಿ ಯಾರಿಗೆ ಬೇಕು? ಬೇಕಾದದ್ದು ಯೋಗೀಶನಿಗೆ. ದುಬೈಯ ಜಾಹೀರಾತು ಕಂಪೆನಿಯಲ್ಲಿ ಹತ್ತು ವರ್ಷ ದುಡಿದು ಬಂದು ಈ ಕಚೇರಿ ತೆರೆದವನು ಅವನು. ಜಪಾನಿನ ಒಂದು ಗೇಮ್ ಕಂಪೆನಿಯ ಕೆಲಸ ಅವನ ಕೈಗೆ ಬಂದಿತ್ತು, ಅವರ ಮಾತು ಮಾತ್ರ ಅರ್ಥವಾಗುತ್ತಿರಲಿಲ್ಲ.

ಕೆಲಸ ಇಷ್ಟು: ಆಟದಲ್ಲಿ ಕಡಲ ಬದಿಯ ಒಂದು ಊರು ಬರುತ್ತದೆ, ಆ ಊರಿನ ಎಂಬತ್ತಾರು ವಸ್ತುಗಳನ್ನು ಆರು ತಿಂಗಳಲ್ಲಿ ಕಂಪ್ಯೂಟರಿನೊಳಗೆ ಕಟ್ಟಿಕೊಡಬೇಕು. ಅವುಗಳದ್ದೊಂದು ಪಟ್ಟಿ. ಅದನ್ನು ನೋಡಿಕೊಳ್ಳುವವರು ಆ ಕಡೆಯಲ್ಲಿ ಮೊರಿತಾ ಎಂಬ ಗೃಹಸ್ಥರು. ಪ್ರತಿ ಬುಧವಾರ ಬೆಳಿಗ್ಗೆ ಏಳೂವರೆಗೆ, ಅಲ್ಲಿ ಹನ್ನೊಂದು ಗಂಟೆಯಾಗುವ ಹೊತ್ತಿಗೆ, ಕಂಪ್ಯೂಟರಿನಲ್ಲಿ ಅವರ ಮುಖ ಕಾಣಿಸುತ್ತಿತ್ತು. ಬಾಯಾರಿನ ಮೊದಲ ಬಸ್ಸು ಹಿಡಿದು ಬಂದ ಶಂಕರಿ ಅವರಿಗೂ ಯೋಗೀಶನಿಗೂ ನಡುವೆ ಕೂರುತ್ತಿದ್ದಳು.

ಎರಡು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಬದಲಾವಣೆಗಳು ಶುರುವಾದವು. ಮೀನುಗಾರರ ಊರು ಬೆಟ್ಟದ ತಪ್ಪಲಿನ ಊರಾಯಿತು, ಮತ್ತೆ ಕಡಲ ಬದಿಗೆ ಬಂತು. ಊರಿನ ನಡುವಿನ ಸೇತುವೆಯನ್ನು ರಶ್ಮಿತಾ ಎಂಬ ಹುಡುಗಿ ಮರದಲ್ಲಿ ಮಾಡಿದಳು, ಕಲ್ಲಿನದ್ದು ಬೇಕೆಂದರು. ಕಲ್ಲಿನದ್ದಾದ ಮೇಲೆ ಅರ್ಧ ಮುರಿದು ಬಿದ್ದದ್ದು ಬೇಕೆಂದರು. ಅದೂ ಆದಮೇಲೆ ಅದರ ಮೇಲೆ ಹಿಮ ಬಿದ್ದಿರಬೇಕೆಂದರು. ಗಡುವು ಮಾತ್ರ ಒಂದು ದಿನವೂ ಮುಂದೆ ಹೋಗಲಿಲ್ಲ.

ಮೂರನೆಯ ತಿಂಗಳಲ್ಲಿ ಒಮ್ಮೆ ಯೋಗೀಶ “ನೋಡುವ”, ಎಂದರೆ ನೋಡೋಣ, ಎಂದಾಗ ಶಂಕರಿ ಇದ್ದದ್ದನ್ನು ಇದ್ದ ಹಾಗೆಯೇ ಅಲ್ಲಿಗೆ ಹೇಳಿದ್ದಳು: ಇಷ್ಟು ದಿನದಲ್ಲಿ ಇಷ್ಟು ಕೆಲಸ ಆಗುವುದಿಲ್ಲ. ಕರೆ ಮುಗಿದ ಮೇಲೆ ಅವಳೇ ಅದನ್ನು ತಿಳಿಸಿದಾಗ ಯೋಗೀಶ ಬಾಗಿಲು ಹಾಕಿಕೊಂಡು ಕೇಳಿದ್ದ.

“ಶಂಕರಿಯಕ್ಕ, ನಾನು ಆಗುದಿಲ್ಲ ಅಂತ ಹೇಳಿದ್ನಾ? ನೋಡುವ ಅಂತ ಅಲ್ವಾ ಹೇಳಿದ್ದು?”

“ನಮ್ಮಲ್ಲಿ ನೋಡುವ ಅಂದ್ರೆ ಆಗುದಿಲ್ಲ ಅಂತಲೇ ಅಲ್ವಾ ಯೋಗೀಶಣ್ಣ? ಮದುವೆಗೆ ಬನ್ನಿ ಅಂದಾಗ ನೋಡುವ ಅಂತ ಹೇಳಿದವ ಯಾರಾದ್ರೂ ಬಂದದ್ದುಂಟಾ?”

“ಅದು ನಮಗೆ. ಅವರಿಗೆ ಹಾಗೆ ಹೇಳಿದ್ರೆ ನಾಳೆ ಕೆಲಸ ಬೇರೆ ದೇಶಕ್ಕೆ ಹೋಗ್ತದೆ. ಹದಿಮೂರು ಮನೆಯ ಪ್ರಶ್ನೆ ಇದು. ನೀವು ಸ್ವಲ್ಪ ಮೆತ್ತಗೆ ಮಾಡಿ ಹೇಳಿ ಮಾರಾಯ್ತಿ.”

ಅವನು ಕೆಟ್ಟವನಲ್ಲ. ಹೆದರಿದ್ದ. ಅವನ ಹೆದರಿಕೆ ಶಂಕರಿಗೂ ಹತ್ತಿತು. ಅಂದಿನಿಂದ ಅವನು “ನೋಡುವ” ಎಂದಾಗಲೆಲ್ಲ ಅವಳು “ಗಂಬಾರಿಮಾಸ್” ಎಂದಳು. ಅದನ್ನು ಕೇಳಿದ ಮೊರಿತಾ ತಲೆ ತಗ್ಗಿಸಿ ವಂದಿಸುತ್ತಿದ್ದರು. ಅಲ್ಲಿ ಅದು ಕೊಟ್ಟ ಮಾತಿನ ಹಾಗೆ ಎಂದು ಅವಳಿಗೆ ಗೊತ್ತಿಲ್ಲದ್ದಲ್ಲ.

ಆ ಕಡೆಯ ಮಾತನ್ನೂ ಅವಳು ಮೊಟಕು ಮಾಡುತ್ತಿದ್ದಳು. ಮೊರಿತಾರ ಪತ್ರಗಳಲ್ಲಿ ಮುಕ್ಕಾಲು ಭಾಗ ಕ್ಷಮಾಪಣೆಯೇ ಇರುತ್ತಿತ್ತು: ಆಟದ ನಿರ್ದೇಶಕರು ಇನ್ನೂ ಕಥೆಯನ್ನೇ ತೀರ್ಮಾನಿಸಿಲ್ಲ, ನಿಮ್ಮ ಶ್ರಮವನ್ನು ವ್ಯರ್ಥ ಮಾಡುತ್ತಿದ್ದೇನೆ, ಮುಖ ತೋರಿಸಲು ನಾಚಿಕೆಯಾಗುತ್ತದೆ. ಕೆಲಸದವರಿಗೆ ಓದಿ ಹೇಳುವಾಗ ಹೊತ್ತಿಲ್ಲವೆಂದು ಅವಳು ಅದನ್ನೆಲ್ಲ ಬಿಟ್ಟು, “ಹಿಮ ಬೇಕಂತೆ, ಶುಕ್ರವಾರದ ಒಳಗೆ” ಎಂದಷ್ಟೇ ಹೇಳುತ್ತಿದ್ದಳು. ಹೀಗೆ ಉಪ್ಪಳದವರಿಗೆ ಜಪಾನಿನವರು ಕಲ್ಲೆದೆಯವರಾದರು. ಜಪಾನಿನವರಿಗೆ ಉಪ್ಪಳದವರು ಎಷ್ಟು ಹೇರಿದರೂ ನಗುತ್ತಾ ಹೊರುವವರಾದರು. ಪತ್ರಗಳು ಅಲ್ಲಿಂದ ಹೊರಟ ಸಮಯ ನೋಡಿದರೆ ಬೆಳಗಿನ ಜಾವ ಎರಡು, ಮೂರು ಗಂಟೆ ಎಂದಿರುತ್ತಿತ್ತು. ಮೊರಿತಾ ಪ್ರತಿ ಬುಧವಾರ ಅದೇ ನೀಲಿ ಅಂಗಿಯಲ್ಲಿರುವುದನ್ನೂ ಅವಳು ಗಮನಿಸಿದ್ದಳು. ಗಮನಿಸಿ ಸುಮ್ಮನಿದ್ದಳು.

ಐದನೆಯ ತಿಂಗಳ ಒಂದು ಶುಕ್ರವಾರ ರಶ್ಮಿತಾ ಹಿಮದ ಸೇತುವೆಯನ್ನು ಕಳುಹಿಸಿಕೊಟ್ಟು, ಬೆಳಿಗ್ಗೆ ಹತ್ತಕ್ಕೆ ಮನೆಗೆ ಹೊರಟಳು. ಹಿಂದಿನ ದಿನ ಬೆಳಿಗ್ಗೆ ಬಂದವಳು ಅವಳು. ಬಂದ್ಯೋಡು ದಾಟುವ ಮೊದಲೇ ಸ್ಕೂಟರಿನ ಮೇಲೆ ಕಣ್ಣು ಮುಚ್ಚಿಹೋಯಿತು. ರಸ್ತೆ ಬದಿಯ ಚರಂಡಿಯ ಅಂಚಿಗೆ ಬಿದ್ದು ಹೆಗಲ ಎಲುಬು ಮುರಿಯಿತು. ಹಿಂದಿನಿಂದ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ್ದರಿಂದ ಅಷ್ಟಕ್ಕೇ ಮುಗಿಯಿತು.

ಮರುದಿನ ಶಂಕರಿ ಆಸ್ಪತ್ರೆಗೆ ಹೋದಳು. ರಶ್ಮಿತಾಳ ತಾಯಿ ಜಲಜಾಕ್ಷಿ ಕುಟುಂಬಶ್ರೀ ಮಹಿಳಾ ಸಂಘದ ಹೊಲಿಗೆ ಘಟಕದಲ್ಲಿ ದುಡಿಯುವ ಹೆಂಗಸು. ಮಗಳ ಮಂಚದ ಬದಿಯಲ್ಲಿ ಕೂತು ಗಂಜಿ ಆರಿಸುತ್ತಿದ್ದಳು.

“ಅಕ್ಕ, ನಿಮಗೆ ಅವರ ಭಾಷೆ ಬರ್ತದಲ್ಲ” ಎಂದಳು. “ಇಲ್ಲಿ ಕೆಲಸ ಮಾಡುದು ಮನುಷ್ಯರು ಅಂತ ಅವರಿಗೆ ಗೊತ್ತುಂಟಾ?”

“ಅಮ್ಮ, ಸುಮ್ಮನಿರಿ” ಎಂದ ರಶ್ಮಿತಾ ಶಂಕರಿಯ ಕಡೆ ತಿರುಗಿದಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಬರೀ ತಿಳಿದುಕೊಳ್ಳುವ ಆಸೆಯಿತ್ತು. “ನಮ್ಮಿಂದ ಆಗುದಿಲ್ಲ ಅಂತ ಅವರಿಗೆ ಹೇಳಿದ್ರಾ ಅಕ್ಕ? ಹೇಳಿದ್ಮೇಲೂ ಹೀಗೆ ಮಾಡಿದ್ದಾ ಅವರು?”

ಶಂಕರಿ ತಂದ ಕಿತ್ತಳೆಯನ್ನು ಮೇಜಿನ ಮೇಲೆ ಇಟ್ಟಳು. ಸರಿ ಇಟ್ಟದ್ದನ್ನೇ ಮತ್ತೆ ಸರಿ ಮಾಡಿ ಇಟ್ಟಳು. ಆಮೇಲೆ ಹೇಳಿದಳು: “ಇಲ್ಲ ರಶ್ಮಿ. ಮೊದಲು ಒಮ್ಮೆ ಹೇಳಿದ್ದೆ. ಆಮೇಲೆ ಹೇಳ್ಲಿಲ್ಲ.”

ಜಲಜಾಕ್ಷಿ ಗಂಜಿಯ ಚಮಚವನ್ನು ಹಿಡಿದಲ್ಲೇ ಹಿಡಿದುಕೊಂಡಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಬಾಯಾರು ತಲಪುವವರೆಗೂ ಶಂಕರಿಗೆ ಅನಿಸುತ್ತಿತ್ತು.

ಮುಂದಿನ ಬುಧವಾರ ಮೊರಿತಾ ತೆರೆಯ ಮೇಲೆ ಬಂದರು. ಅದೇ ನೀಲಿ ಅಂಗಿ. ಸೇತುವೆ ಚೆನ್ನಾಗಿದೆ, ಆದರೆ ಹಿಮ ಸ್ವಲ್ಪ ಕರಗಿದ ಹಾಗಿದ್ದರೆ ಒಳ್ಳೆಯದು, ಸೋಮವಾರದ ಒಳಗೆ ಸಾಧ್ಯವೇ ಎಂದು ಕೇಳಿದರು. ಶಂಕರಿ ಒಂದು ಶಬ್ದ ಬಿಡದೆ ಕನ್ನಡದಲ್ಲಿ ಹೇಳಿದಳು. ಯೋಗೀಶ ಗಡ್ಡ ಕೆರೆದುಕೊಂಡ. ಐದು ದಿನಗಳಲ್ಲಿ ಅವನೂ ಬಾಡಿಹೋಗಿದ್ದ. ಆಸ್ಪತ್ರೆಗೆ ಎರಡು ಸಲ ಹೋಗಿ, ಒಳಗೆ ಹೋಗಲು ಧೈರ್ಯ ಬಾರದೆ ಹೊರಗಿನಿಂದಲೇ ಬಂದಿದ್ದ.

“ನೋಡುವ ಅಂತ ಹೇಳಿ” ಎಂದ.

ಶಂಕರಿ ಜಪಾನಿ ಭಾಷೆಯಲ್ಲಿ ಹೀಗೆ ಹೇಳಿದಳು: “ನೋಡುವ ಎನ್ನುತ್ತಿದ್ದಾರೆ. ನಮ್ಮ ಊರಿನಲ್ಲಿ ಅದಕ್ಕೆ ಆಗುವುದಿಲ್ಲ ಎಂದು ಅರ್ಥ. ಇಷ್ಟು ದಿನ ಅವರು ಇದನ್ನೇ ಹೇಳುತ್ತಿದ್ದರು. ಬೇರೆ ಮಾಡಿ ಹೇಳಿದವಳು ನಾನು. ಸೇತುವೆ ಮಾಡಿದ ಹುಡುಗಿ ಇಪ್ಪತ್ತೇಳು ಗಂಟೆ ಕೆಲಸ ಮಾಡಿ ಮನೆಗೆ ಹೋಗುವಾಗ ನಿದ್ದೆ ಬಂದು ಸ್ಕೂಟರಿನಿಂದ ಬಿದ್ದಿದ್ದಾಳೆ. ಹೆಗಲು ಮುರಿದಿದೆ.”

ತೆರೆಯ ಮೇಲಿನ ಮುಖ ಅಲುಗಲಿಲ್ಲ. ನೆಟ್‌ವರ್ಕ್ ನಿಂತಿತೆಂದು ಯೋಗೀಶ ಮೌಸ್ ಹಿಡಿದ. ನಿಂತಿರಲಿಲ್ಲ. ಮೊರಿತಾ ಕನ್ನಡಕ ತೆಗೆದರು.

ಆಮೇಲೆ ಅವರು ಮಾತಾಡಿದರು, ಮೆಲ್ಲಗೆ, ತಡೆತಡೆದು. ಶಂಕರಿ ಕೇಳುತ್ತಾ ಕೇಳುತ್ತಾ ಕುರ್ಚಿಯ ಕೈ ಹಿಡಿದುಕೊಂಡಳು.

“ಎಂತ ಹೇಳ್ತಾರೆ ಅಕ್ಕ? ಕೆಲಸ ಹೋಯ್ತಾ?”

“ಸೇತುವೆ ಆಟದಲ್ಲಿ ಇಲ್ಲವಂತೆ ಯೋಗೀಶಣ್ಣ.”

“ಹಾಂ?”

“ಮೂರು ವಾರದ ಹಿಂದೆಯೇ ನಿರ್ದೇಶಕರು ಅದನ್ನು ತೆಗೆದು ಹಾಕಿದ್ದಾರಂತೆ. ಪಟ್ಟಿಯಿಂದ ತೆಗೀಲಿಕ್ಕೆ ವಿಭಾಗದ ಮುಖ್ಯಸ್ಥರು ಮುದ್ರೆ ಒತ್ತಬೇಕು, ಅವರನ್ನು ಬೇರೆ ಆಟದ ಕೆಲಸಕ್ಕೆ ಹಾಕಿದ್ದಾರೆ. ಮುದ್ರೆ ಬಿದ್ದಿಲ್ಲ. ಮತ್ತೆ, ನಾವು ಅಷ್ಟು ಉತ್ಸಾಹದಿಂದ ಮಾಡ್ತಿದ್ದೆವಲ್ಲ, ಬೇಡ ಅಂತ ಹೇಳ್ಲಿಕ್ಕೆ ಅವರಿಗೆ ಬಾಯಿ ಬರಲಿಲ್ಲವಂತೆ. ನಿರ್ದೇಶಕರು ಮತ್ತೆ ಸೇರಿಸಿದರೂ ಸೇರಿಸಿಯಾರು ಅಂತ ಕಾದರಂತೆ.”

ಯೋಗೀಶನ ಮುಖ ಕೆಂಪೇರಿತು. ಎದ್ದು ನಿಂತ. ತುಳುವಿನಲ್ಲಿ ಏನೋ ಹೇಳಲು ಹೊರಟವನು ಆ ಮನುಷ್ಯನ ಕಡೆ ನೋಡಿ ಹಾಗೆಯೇ ಕೂತ. ಆ ಕಡೆಯಲ್ಲಿ ಮೊರಿತಾ ಮೇಜಿಗೆ ಹಣೆ ತಾಗುವಷ್ಟು ಬಾಗಿದ್ದರು. ಅವರ ಬೆನ್ನ ಹಿಂದೆ ನೆಲದಲ್ಲಿ ಸುರುಳಿ ಸುತ್ತಿದ ಹಾಸಿಗೆಯೊಂದು ಮೊದಲ ಬಾರಿಗೆ ಕಾಣಿಸಿತು.

“ಇವರು ಮನೆಗೆ ಹೋಗುದಿಲ್ವಾ?” ಎಂದು ಯೋಗೀಶ ಕೇಳಿದ.

ಶಂಕರಿ ಅದನ್ನೂ ಕೇಳಿದಳು. “ಭಾನುವಾರ ಹೋಗ್ತಾರಂತೆ” ಎಂದಳು.

ಅಂದು ಕರೆ ಎಂದಿನಂತೆ ಅರ್ಧ ಗಂಟೆಗೆ ಮುಗಿಯಲಿಲ್ಲ. ಯೋಗೀಶ ಪಟ್ಟಿಯನ್ನು ತೆರೆದಿಟ್ಟು, ಉಳಿದ ನಲವತ್ತೊಂದು ವಸ್ತುಗಳನ್ನು ಒಂದೊಂದಾಗಿ ಕೇಳಿದ: ಇದು ನಿಜವಾಗಿ ಬೇಕಾ? ಯಾರು ಬೇಕೆಂದದ್ದು? ಗೊತ್ತಿಲ್ಲದ್ದನ್ನು ಮೊರಿತಾ ಗೊತ್ತಿಲ್ಲ ಎಂದರು. ಅದು ಅವರ ಬಾಯಿಂದ ಬಂದದ್ದು ಅದೇ ಮೊದಲು. ಹತ್ತೂವರೆಗೆ ಅವರು ಎದ್ದು ಹೋಗಿ ನಿರ್ದೇಶಕರನ್ನೇ ಕರೆತಂದರು. ಕೂದಲು ಕೆದರಿದ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಮನುಷ್ಯ. ರಾಕ್ಷಸನನ್ನು ಎಣಿಸಿಕೊಂಡಿದ್ದವರಿಗೆ ನಿರಾಸೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಹದಿನೇಳು ಉಳಿದವು. ಗಡುವು ಆರು ವಾರ ಮುಂದೆ ಹೋಯಿತು.

ತೆರೆ ಕಪ್ಪಾದ ಮೇಲೆ ತಾನು ಹೇಳಿದ್ದೇನೆಂದು ಶಂಕರಿ ತಿಳಿಸಿದಳು, ಯೋಗೀಶ ಅವಳ ಕಡೆ ನೋಡಿದ. “ನನ್ನತ್ರ ಒಂದು ಮಾತು ಕೇಳ್ಬಹುದಿತ್ತು ನೀವು.”

“ಕೇಳಿದ್ರೆ ನೀವು ನೋಡುವ ಅಂತಿದ್ರಿ.”

ಅವನಿಗೆ ನಗು ಬಂತು. ಆದರೆ ಒಂದು ವಾರ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ತನ್ನ ಕೆಲಸ ಹೋಗುತ್ತದೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಹೋಗಲಿಲ್ಲ.

ಸೇತುವೆಯ ವಿಷಯ ರಶ್ಮಿತಾಳಿಗೆ ಹೇಳುವುದು ಬೇಡವೆಂದು ಉಳಿದವರೆಲ್ಲ ಹೇಳಿದರು. ಮುಚ್ಚಿಟ್ಟದ್ದು ಸಾಕಾಗಿತ್ತು ಶಂಕರಿಗೆ. ರಶ್ಮಿತಾಳ ಮನೆಗೆ ಹೋಗಿ, ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ರಶ್ಮಿತಾ ಮೊದಲು ಜೋರಾಗಿ ನಕ್ಕಳು. ನಕ್ಕದ್ದಕ್ಕೆ ಹೆಗಲು ನೋಯಿತು.

“ಹಿಮದ್ದನ್ನು ಮಾತ್ರ ತೆಗೆದದ್ದಾ ಅಕ್ಕ, ಕಲ್ಲಿನದ್ದನ್ನೂ ತೆಗೆದ್ರಾ?”

“ಎಲ್ಲ.”

ರಶ್ಮಿತಾ ಅಂಗಳದ ಕಡೆ ನೋಡಿದಳು. “ಅದರ ಕಂಬದ ಬುಡದಲ್ಲಿ ಪಾಚಿ ಮಾಡಿದ್ದೆ. ಯಾರೂ ಹೇಳಿದ್ದಲ್ಲ, ನಾನೇ ಮಾಡಿದ್ದು. ನೀರು ಹತ್ತುವಷ್ಟೆತ್ತರಕ್ಕೆ ಮಾತ್ರ. ಎರಡು ದಿನ ಹಿಡಿಯಿತು” ಎಂದಳು. ಆಗ ಅವಳ ಕಣ್ಣು ತುಂಬಿತು.

ಹದಿನೈದು ದಿನಗಳ ನಂತರ ಮೊರಿತಾರ ಪತ್ರ ಬಂತು, ರಶ್ಮಿತಾಳ ಹೆಸರಿಗೇ, ಎರಡು ಪುಟ. ಶಂಕರಿ ಒಂದು ಸಾಲೂ ಬಿಡದೆ ಓದಿ ಹೇಳಿದಳು: ಆರು ಬಗೆಯ ಕ್ಷಮಾಪಣೆ, ಪಾಚಿಯನ್ನು ನೋಡಿ ತಮ್ಮ ಊರಿನ ಹೊಳೆ ನೆನಪಾದದ್ದು, ಹೆಗಲಿಗೆ ಶಾಖ ಕೊಡಿ ಎಂಬ ಸಲಹೆ. ಜಲಜಾಕ್ಷಿ ಹೊಲಿಗೆ ನಿಲ್ಲಿಸಿ ಕಿವಿಗೊಟ್ಟಳು. ಮುಗಿದ ಮೇಲೆ, “ಪಾಪ, ಅವನಿಗೂ ಒಬ್ಬಳು ತಾಯಿ ಇರ್ಬಹುದಲ್ಲ. ಹೊತ್ತಿಗೆ ಸರಿಯಾಗಿ ಉಣ್ಲಿಕ್ಕೆ ಬರೀರಿ ಅಕ್ಕ” ಎಂದಳು. ಶಂಕರಿ ಹಾಗೆಯೇ ಬರೆದಳು.

ಮೊರಿತಾ ಮರುವರ್ಷ ಆ ಕಂಪೆನಿ ಬಿಟ್ಟರು. ಆಟ ಎರಡು ವರ್ಷ ತಡವಾಗಿ ಹೊರಬಂತು, ಅಷ್ಟೇನೂ ಓಡಲಿಲ್ಲ. ರಶ್ಮಿತಾ ಮೂರು ತಿಂಗಳ ನಂತರ ಕೆಲಸಕ್ಕೆ ಮರಳಿದಳು, ಸಂಜೆ ನಾಲ್ಕಕ್ಕೆ ಹೊರಡುತ್ತೇನೆ ಎಂಬ ಷರತ್ತಿನ ಮೇಲೆ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಅದೇ ಹೊತ್ತಿಗೆ ಚೀಲ ಹೆಗಲಿಗೇರಿಸತೊಡಗಿದರು. ಯೋಗೀಶ ನೋಡಿಯೂ ನೋಡದ ಹಾಗೆ ಇದ್ದ.

ಹೊಸ ಕಂಪೆನಿಯೊಂದು ಅರುವತ್ತು ವಸ್ತುಗಳ ಪಟ್ಟಿ ಕಳುಹಿಸಿ ಮೂರು ತಿಂಗಳಲ್ಲಿ ಆಗುತ್ತದೆಯೇ ಎಂದು ಕೇಳಿದಾಗ ಅವನು ರಶ್ಮಿತಾಳನ್ನು ಕರೆದ. ಅವಳು ಒಂದು ಗಂಟೆ ಲೆಕ್ಕ ಹಾಕಿ ಐದು ತಿಂಗಳು ಎಂದಳು. ಯೋಗೀಶನ ಬಾಯಿ ತೆರೆದು ಮುಚ್ಚಿತು.

“ಐದು ತಿಂಗಳು ಅಂತ ಹೇಳಿ ಅಕ್ಕ.”

ಶಂಕರಿ ಹೇಳಿದಳು. ಆ ಕೆಲಸ ಅವರಿಗೆ ಸಿಗಲಿಲ್ಲ. ಮೂರು ವಾರ ಕಚೇರಿಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡಲಿಲ್ಲ. ನಾಲ್ಕನೆಯ ವಾರ ಜಪಾನಿನ ನಗೋಯಾದಿಂದ ಬೇರೊಂದು ಪಟ್ಟಿ ಬಂತು, ಚಿಕ್ಕದು. ಅವರು ಕೇಳಿದ ಮೊದಲ ಪ್ರಶ್ನೆ, ನಿಮಗೆ ಎಷ್ಟು ಸಮಯ ಬೇಕು ಎಂಬುದು.