ಕಂಬಕ್ಕೆ ಇಳಿದ ಸ್ಕ್ರೂ

ಶವಪೆಟ್ಟಿಗೆಯನ್ನು ಆರು ಜನ ಒಟ್ಟಿಗೆ ಎತ್ತಿದರು; ಕಾಲಿನ ಕಡೆಯ ಒಂದು ಹಿಡಿಕೆ ಸ್ಕ್ರೂ ಸಮೇತ ಕಿತ್ತು ಕೈಗೆ ಬಂತು. ಪೆಟ್ಟಿಗೆ ವಾಲಿತು. ಹೇಗೋ ಸಾವರಿಸಿ ಚಾಪೆಯ ಮೇಲೆ ಇಳಿಸಿದರು. ಅಂಗಳದಲ್ಲಿ ಡೋಲು ನಿಂತಿತು. ಸಾವಿನ ಮನೆಗೆಂದು ಕೆಂಪು, ಕಪ್ಪು ಬಟ್ಟೆಯುಟ್ಟು ಶಾಮಿಯಾನದಡಿ ಕೂತಿದ್ದವರೆಲ್ಲ ಎದ್ದು ನಿಂತರು.

"ನೋಡಿದ್ರಾ?" ಎಂದ ಕುಲದ ಹಿರಿಯ ದಾರ್ಕೊ. "ಬೆದಿಯಾಕೊ ಹೋಗಲ್ಲ ಅಂತಿದಾನೆ. ಮನಸ್ಸಲ್ಲಿ ಏನೋ ನೋವಿದೆ. ಮೊದಲು ಹೆಂಡ್ತೀನ ಕೂರಿಸಿ ಕೇಳ್ಬೇಕು. ಅಲ್ಲೀವರೆಗೂ ಪೆಟ್ಟಿಗೆ ಏಳಕೂಡದು."

ನಲವತ್ತು ವರ್ಷ ಕುಮಾಸಿ ಪಟ್ಟಣದ ಬಾಗಿಲು ಕಿಟಕಿಗಳನ್ನು ನೆಟ್ಟಗೆ ಮಾಡಿದ ಬಡಗಿ ಬೆದಿಯಾಕೊ ತನ್ನ ಪೆಟ್ಟಿಗೆಯನ್ನು ತಾನೇ ಮಾಡಿಟ್ಟುಕೊಂಡಿದ್ದ. ಅದೇ ಕೈ ಕೊಟ್ಟಿತ್ತು. ಅವನ ಹೆಂಡತಿ ಸೆರ್ವಾ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ನಾನೇನೂ ಮಾಡಿಲ್ಲ ಭಾವ. ಪೆಟ್ಟಿಗೆ ಖಾಲಿ ಬಿದ್ದಿತ್ತಲ್ಲ ಅಂತ ಏಳು ವರ್ಷ ಮೆಕ್ಕೆಜೋಳ ತುಂಬಿಟ್ಟಿದ್ದೆ. ಅಷ್ಟೇ."

"ಕೇಳಿಸ್ಕೊಂಡ್ರಾ! ಗಂಡನ ಪೆಟ್ಟಿಗೇಲಿ ಜೋಳ!"

"ಅವರೇ ಹೇಳಿದ್ದು. 'ನಾನು ಒಳಗೆ ಹೋಗೋವರ್ಗೂ ಅದೂ ದುಡೀಲಿ' ಅಂತ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದಾರ್ಕೊ ನಗಲಿಲ್ಲ.

ಗೆಣಸಿನ ವ್ಯಾಪಾರದ ಫೋರಿವಾ ಕೊನೆಯ ಕುರ್ಚಿಯ ಪಕ್ಕ ಕೋಲಿನಂತೆ ನೆಟ್ಟಗೆ ನಿಂತಿದ್ದಳು. ಬೆದಿಯಾಕೊನ ಮುಖವನ್ನು ಅವಳು ಕಂಡದ್ದೇ ಇವತ್ತು, ಮುಚ್ಚಳ ಹಾಕುವ ಮೊದಲು. ಉಪಕಾರ ಪಡೆದವರು ಮರುದಿನ ಬೆಳಗ್ಗೆ ಮನೆಗೇ ಹೋಗಿ 'ಉಪಕಾರ ಆಯ್ತು' ಎಂದು ಹೇಳಿ ಬರಬೇಕು, ಅದು ಊರಿನ ರೂಢಿ. ಅವಳ ಪಾಲಿಗೆ ಆ ಮರುದಿನ ಎಂಟು ವರ್ಷ ತಡವಾಗಿ ಬಂದಿತ್ತು.

*

ಆಗ ಅವಳ ಸೊಂಟದಲ್ಲಿ ಎಲುಬೊಂದು ಜರುಗಿತ್ತು. ಡಾಕ್ಟರ್ ಬೋಂಸು ಸ್ಕ್ರೂ, ಸರಳು ಹಾಕಿ ಕೆಳಗಿನ ಎಲುಬುಗಳನ್ನು ಬೆಸೆದಿದ್ದರು. ವರ್ಷ ತುಂಬುವುದರೊಳಗೆ ಬುಡದ ಎರಡು ಸ್ಕ್ರೂ ಸಡಿಲವಾದವು. ಕೆಮ್ಮಿದರೆ ಕಣ್ಣು ಕತ್ತಲೆ. ಸಂತೆಯಲ್ಲಿ ಅವಳ ಜಾಗಕ್ಕೆ ಇನ್ನೊಬ್ಬಳು ಬಂದು ಕೂತಳು.

ಮುಂದಿನದನ್ನು ಡಾಕ್ಟರು ಅವಳಿಗೆ ಹೇಳಿದ್ದು ಹೋದ ವಾರ, ಬೆದಿಯಾಕೊ ತೀರಿಕೊಂಡನೆಂದು ಫೋನ್ ಮಾಡಿದಾಗ. ಆಪರೇಷನ್ ಕೋಣೆಯ ಬಾಗಿಲು ಜೋತು ಬಿದ್ದು ಅವನನ್ನು ಕರೆಸಿದ್ದರಂತೆ. ಡಾಕ್ಟರು ಎಕ್ಸ್‌ರೇ ಹಿಡಿದು ಕೂತಿದ್ದರು.

"ಯಾರ ಮನೆ ಬಾಗಿಲು ಡಾಕ್ಟರೇ ಇದು?" ಎಂದು ಬೆದಿಯಾಕೊ ಇಣುಕಿದನಂತೆ.

"ಬಾಗಿಲಲ್ಲ ನಾನಾ," ಎಂದರು ಡಾಕ್ಟರು, ಹಿರಿಯರನ್ನು ಕರೆಯುವ ಹಾಗೆ. "ಒಬ್ಬ ಅಮ್ಮನ ಸೊಂಟ. ಸ್ಕ್ರೂ ಹಿಡೀತಿಲ್ಲ."

"ಹಲಗೆ ಟೊಳ್ಳು. ಅದೇ ತೂತಿಗೆ ಎಷ್ಟು ದಪ್ಪದ್ದು ಹಾಕಿದ್ರೂ ಸೀಳುತ್ತೆ ಅಷ್ಟೆ. ತೂತು ತುಂಬಿ. ಉದ್ದದ್ದು ತಗೊಂಡು ಹಲಗೆ ದಾಟಿ ಕಂಬಕ್ಕೆ ಇಳಿಸಿ. ಸೊಂಟಕ್ಕೂ ಒಂದು ಕಂಬ ಇರ್ಬೇಕಲ್ಲ?"

ಇತ್ತು. ಎರಡೂ ಪಕ್ಕದ ಚಪ್ಪೆಯ ಎಲುಬು, ಕಾಲುಗಳು ಬಂದು ಸೇರುವ ದಪ್ಪ ಎಲುಬು. ಪುಸ್ತಕದಲ್ಲಿ ಅದೇ ಇತ್ತು, ಬೋಂಸು ಓದಿಯೂ ಇದ್ದರು. ಸ್ವಂತ ಕೈಯಿಂದ ಮಾಡಿರಲಿಲ್ಲ. "ಧೈರ್ಯ ಸಾಲದೆ ಕೂತಿದ್ದೆನಮ್ಮ," ಎಂದರು ಫೋನಿನಲ್ಲಿ. "ಅವರು ಬಾಗಿಲು ರಿಪೇರಿ ಮುಗಿಸಿ, ಹಿಡಿಕೆ ಹಿಡಿದು, ಎರಡೂ ಕಾಲು ಮಡಚಿ ಜೋತುಬಿದ್ದು ನೋಡಿದರು. ಬಾಗಿಲು ಅಲ್ಲಾಡಲಿಲ್ಲ. ಮರುದಿನವೇ ನಿಮ್ಮನ್ನ ಕರೆಸಿದೆ."

ಸಡಿಲ ತೂತುಗಳಿಗೆ ಎಲುಬಿನ ಸಿಮೆಂಟು ತುಂಬಿ, ಉದ್ದದ ಸ್ಕ್ರೂಗಳನ್ನು ಚಪ್ಪೆಗೆ ಇಳಿಸಿದರು. ಆರು ತಿಂಗಳಿಗೆ ಫೋರಿವಾ ತನ್ನ ಜಾಗಕ್ಕೆ ಹೋಗಿ, ಅಲ್ಲಿ ಕೂತವಳನ್ನು ಎಬ್ಬಿಸಿದಳು.

*

"ಡಾಕ್ಟರೇ," ಎಂದು ಫೋರಿವಾ ಇಡೀ ಅಂಗಳಕ್ಕೆ ಕೇಳುವಂತೆ ಕರೆದಳು. "ಇದು ಕೋಪವೋ ಹುಳವೋ, ಸ್ವಲ್ಪ ನೋಡಿ."

ಬೋಂಸು ಜನರ ನಡುವಿಂದ ಮುಂದೆ ಬಂದು ಹಿಡಿಕೆ ಕಿತ್ತ ತೂತಿಗೆ ಬೆರಳಿಟ್ಟರು. ಹಿಟ್ಟಿನಂಥ ಮರದ ಪುಡಿ ಉದುರಿತು.

"ಹುಳ ಕಣಮ್ಮ. ಜೋಳದ್ದು ಮರಕ್ಕೂ ದಾಟಿದೆಯೋ, ಮೊದಲೇ ಇತ್ತೋ. ಪಕ್ಕದ ಹಲಗೆ ಟೊಳ್ಳಾಗಿದೆ. ಅಡಿಯ ತೊಲೆ ಗಟ್ಟಿ."

"ಹಾಗಾದ್ರೆ ಅವರು ಹೇಳಿಕೊಟ್ಟ ಹಾಗೇ ಮಾಡಿ."

ಸೆರ್ವಾ ಗಂಡನ ಹತಾರಿನ ಚೀಲವನ್ನು ತಾನೇ ತಂದುಕೊಟ್ಟಳು. ಡಾಕ್ಟರು ಕಪ್ಪು ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು ಮಂಡಿಯೂರಿದರು. ತೂತಿಗೆ ಬೆಂಕಿಕಡ್ಡಿಗಳನ್ನು ಬಿಗಿಯಾಗಿ ತುರುಕಿದರು. ಹಿಡಿಕೆಯನ್ನು ಜಾಗಕ್ಕಿಟ್ಟು, ಬೆರಳುದ್ದದ ಸ್ಕ್ರೂ ಆರಿಸಿ, ಓರೆಯಾಗಿ, ಹಲಗೆ ದಾಟಿಸಿ ತೊಲೆಗೆ ತಿರುಗಿಸಿದರು. ಕೊನೆಯ ತಿರುವಿಗೆ ಮರ ಕಿರ್ರೆಂದಿತು.

"ಮತ್ತೆ ಕಿತ್ರೆ?" ಎಂದ ದಾರ್ಕೊ.

"ಕಿತ್ರೆ ಸೆರ್ವಕ್ಕನ್ನ ಎಷ್ಟು ಬೇಕಾದ್ರೂ ಕೇಳಿ," ಎಂದಳು ಫೋರಿವಾ. "ಕೀಳದಿದ್ರೆ ಬಾಯಿ ಮುಚ್ಕೊಂಡು ಡೋಲಿನವರಿಗೆ ಹೇಳಿ. ಎತ್ತಿ ನೋಡೋದು ನಾನು."

ಬೋಂಸು ತಟ್ಟನೆ ತಲೆಯೆತ್ತಿದರು. "ನೀವು ಬೇಡಮ್ಮಾ."

"ಯಾಕೆ? ನೀವು ಮಾಡಿದ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಡಾಕ್ಟರು ಪಕ್ಕಕ್ಕೆ ಸರಿದರು. ಉಳಿದ ಐವರು ತಮ್ಮ ತಮ್ಮ ಹಿಡಿಕೆ ಹಿಡಿದರು. ಫೋರಿವಾ ಸೊಂಟ ಬಗ್ಗಿಸಲಿಲ್ಲ. ಆಸ್ಪತ್ರೆಯಲ್ಲಿ ಕಲಿಸಿದಂತೆ ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು ಕುಕ್ಕರುಗಾಲಲ್ಲಿ ಕೂತು ಹಿಡಿಕೆಗೆ ಕೈ ಹಾಕಿದಳು.

"ನಾನಾ," ಎಂದಳು, ಹಲಗೆಗೆ ಬಾಯಿ ತಂದು, ಮೆಲ್ಲಗೆ. "ಉಪಕಾರ ಆಯ್ತು. ಹೇಳೋಕೆ ಬಂದಿದೀನಿ."

ಎದ್ದು ನಿಂತಳು. ಅವಳ ಜೊತೆಗೆ ಪೆಟ್ಟಿಗೆಯ ಆ ಮೂಲೆಯೂ ಎದ್ದಿತು. ಚಾಪೆಗೂ ಮರಕ್ಕೂ ನಡುವೆ ಗೇಣುದ್ದ ಬಿಸಿಲು ನುಗ್ಗಿತು. ಹಲಗೆಯ ಸಂದಿಯಿಂದ ಒಂದು ಜೋಳದ ಕಾಳು ಉದುರಿ ಉರುಳಿಕೊಂಡು ಹೋಯಿತು. ಸೆರ್ವಾಳ ಕೋಳಿಯೊಂದು ಅಷ್ಟೂ ಜನರ ಕಾಲುಗಳ ನಡುವೆ ನುಸುಳಿ ಬಂದು ಅದನ್ನು ಹೆಕ್ಕಿಕೊಂಡಿತು.