ಹಿಂಬಾಗಿಲಿನಿಂದ ಬಂದ ಬೀಗರು

ಮದುವೆಯ ಮಾತು ಬಂದ ದಿನವೇ ನೀಲಾ ಜೇಯಾನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಆಗೋದಾದ್ರೆ ನಿನ್ನನ್ನೇ ಆಗ್ತೀನಿ. ಆದ್ರೆ ಸಂಸಾರ ಮಾತ್ರ ಇದೇ ಮನೇಲಿ. ಊರಾಚೆ ಹೊಸ ಫ್ಲ್ಯಾಟು, ಲಿಫ್ಟು ಅಂತ ನನ್ನ ಹತ್ರ ರಾಗ ಎಳೀಬೇಡ."

ಜೇಯಾ ಒಪ್ಪಿದ. ಪಾಪ, ನದಿಯ ಮೇಲೆ ದೋಣಿಯಲ್ಲಿ ಸಂಸಾರ ಹೂಡೋಣ ಎಂದರೂ ಒಪ್ಪುವ ಪೈಕಿ ಅವನು. ಒಪ್ಪದೆ ಕೂತವರು ಅವನ ದೊಡ್ಡಪ್ಪ ಊ ಮ್ಯ ಮಾಂಗ್. ಅಪ್ಪ ಅಮ್ಮ ಇಲ್ಲದ ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವರು. ಗಾರೆ ಕೆಲಸದಿಂದ ಶುರುಮಾಡಿ ಈಗ ಯಾಂಗೋನಿನ ಉತ್ತರದ ಬಡಾವಣೆಗಳಲ್ಲಿ ಕಾಂಕ್ರೀಟಿನ ಕಟ್ಟಡ ಎಬ್ಬಿಸುವ ಕಂಟ್ರಾಕ್ಟರು. "ಹುಡುಗಿ ಚಿನ್ನದಂಥೋಳೇ ಇರಬಹುದು. ಆದ್ರೆ ನೂರು ವರ್ಷದ ಗೋಡೆ ಕೆಳಗೆ ನನ್ನ ಹುಡುಗನ್ನ ಮಲಗಿಸೋಕೆ ನಾನು ತಯಾರಿಲ್ಲ. ಮೊದ್ಲು ಮನೆ ನೋಡ್ತೀನಿ, ಆಮೇಲೆ ಮಾತು" ಎಂದರು. ಅವರು ಆಗದು ಎಂದರೆ ಜೇಯಾ ಆ ಮಾತು ದಾಟುವವನಲ್ಲ. ನೀಲಾ ಮನೆ ಬಿಡುವವಳಲ್ಲ. ಹೀಗಾಗಿ ಇಡೀ ಮದುವೆ ಒಂದು ಕಟ್ಟಡದ ಮೇಲೆ ನಿಂತುಕೊಂಡಿತ್ತು.

ಕಟ್ಟಡವೂ ಅಂತಿಂಥದ್ದಲ್ಲ. ಪಾನ್ಸೊಡಾನ್ ಬೀದಿ ನದಿಯ ಕಡೆಗೆ ಇಳಿಯುವಲ್ಲಿ, ಬಿಳಿಯರ ಕಾಲದಲ್ಲಿ ಕ್ರೇಗಿ ಎಂಬ ಅಕ್ಕಿ ವ್ಯಾಪಾರಿ ಕಟ್ಟಿಸಿದ್ದು. ನಮ್ಮ ಅಕ್ಕಿ, ನಮ್ಮ ತೇಗ ಹಡಗಿಗೆ ತುಂಬಿಕೊಂಡು ಹೋದ ಆ ದೊರೆಗಳ ಮೇಲೆ ಇಲ್ಲಿ ಯಾರಿಗೂ ಅಂಥ ಮಮತೆಯಿಲ್ಲ. ಆದರೆ ದುಡ್ಡು ಯಾರದಾದರೇನು, ಇಟ್ಟಿಗೆ ಜೋಡಿಸಿದ್ದು ಚಿತ್ತಗಾಂಗಿನ ಗಾರೆಯವರು, ಕಲ್ಲು ಹೊತ್ತದ್ದು ತೆಲುಗರು, ತೇಗ ಕೆತ್ತಿದ್ದು ಬರ್ಮಾದ ಬಡಗಿಗಳು. ಕೈ ನಮ್ಮದಾದ ಮೇಲೆ ಕಟ್ಟಡವೂ ನಮ್ಮದೇ ಎನ್ನುವುದು ನೀಲಾಳ ವಾದ. ಅವಳು ಎದುರಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುತ್ತಾಳೆ. ಗಿರಾಕಿ ಇಲ್ಲದಾಗ ತಲೆಯೆತ್ತಿ ತನ್ನ ಮನೆಯನ್ನೇ ನೋಡುತ್ತ ಕೂರುತ್ತಾಳೆ. ಕಮಾನುಗಳ ಸಾಲು, ಕಂಬದ ತಲೆಯಲ್ಲಿ ಎಲೆಯ ಕೆತ್ತನೆ, ಮೂಲೆಯಲ್ಲಿ ಪುಟ್ಟ ಗುಮ್ಮಟ. ಬಣ್ಣ ಉದುರಿ ಮೂರು ನಾಲ್ಕು ಕಾಲದ ಬಣ್ಣಗಳು ಒಟ್ಟಿಗೇ ಇಣುಕುವ ಆ ಗೋಡೆ ಬೆಳಗಿನ ಬಿಸಿಲಿಗೆ ಎಷ್ಟು ಚೆಂದ ಕಾಣುತ್ತದೆಂದರೆ, ಆಗ ಗಿರಾಕಿ ಬಂದು ನಿಂತದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ದೊಡ್ಡಪ್ಪ ಬರುವ ದಿನಕ್ಕೆಂದು ಅವಳು ದಾರಿಯನ್ನೇ ಗೊತ್ತುಮಾಡಿ ಇಟ್ಟಿದ್ದಳು. ಮುಂಬಾಗಿಲಿನ ಕಮಾನು, ಹೂಬಳ್ಳಿಯ ಹಂಚು ಹಾಸಿದ ಮೊಗಸಾಲೆ, ಅಲ್ಲಿಂದ ತೇಗದ ದೊಡ್ಡ ಮೆಟ್ಟಿಲು, ಮೂರನೇ ಮಹಡಿ, ನೇರ ಪಡಸಾಲೆ. ಹಂಚನ್ನು ತಾನೇ ಉಜ್ಜಿದಳು. ಮೆಟ್ಟಿಲಿನ ಕೈಹಿಡಿಗೆ ಎಣ್ಣೆ ಸವರಿ ಮುಖ ಕಾಣುವಂತೆ ಮಾಡಿದಳು. "ಹಿಂದುಗಡೆ ಸುದ್ದಿ ಮಾತ್ರ ಯಾರೂ ಎತ್ತಬಾರದು" ಎಂದು ಅಮ್ಮನಿಗೂ ಜೇಯಾನಿಗೂ ಬಾಯಿಗೆ ಬೀಗ ಹಾಕಿದಳು.

ಅವಳಮ್ಮ ದಾ ಸೇನ್ ಯೀ ಮೂಗು ಮುರಿದರು. "ಹತ್ತಿ ಇಳಿದು ಹತ್ತಿ ಇಳಿದು ನನ್ನ ಮೊಣಕಾಲು ಸವೆದುಹೋಯ್ತು. ನಿನಗೆ ಈ ಮೆಟ್ಟಿಲು ದೇವಸ್ಥಾನ!" ಹಾಗೆಂದರೂ ಬೀಗರು ಬರುವಾಗ ಮನೆಯಲ್ಲಿ ಒಂದು ಕೊಳೆ ಬಟ್ಟೆಯೂ ಇರಬಾರದೆಂದು ಮುಂಜಾನೆಯೇ ಎದ್ದು ಇದ್ದಬದ್ದದ್ದನ್ನೆಲ್ಲ ಒಗೆದುಹಾಕಿದರು. ಬೆಳಗಿನ ಬಿಸಿಲು ಬೀಳುವುದು ಮುಂಭಾಗಕ್ಕೆ. ಆದ್ದರಿಂದ ಬೀದಿ ಕಡೆಯ ಬಾಲ್ಕನಿಯ ಗಳುವಿನ ಮೇಲೆ ಹರವಿ, ಅಡುಗೆಮನೆಗೆ ಹೋಗಿ ಎಣ್ಣೆ ಕಾಯಲು ಇಟ್ಟರು.

ಊ ಮ್ಯ ಮಾಂಗ್ ಟ್ಯಾಕ್ಸಿಯಿಂದ ಇಳಿದವರು ಮೊದಲು ಬೀದಿಯ ಆಚೆ ಬದಿಯಲ್ಲೇ ನಿಂತು ಕಟ್ಟಡವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗಟ್ಟಿ ಆಸಾಮಿ, ಇಸ್ತ್ರಿ ಮಾಡಿದ ಲುಂಗಿ, ಹೆಗಲಿಗೆ ಬಟ್ಟೆಯ ಚೀಲ. ನೀಲಾ ಹತ್ತಿರ ಹೋಗಿ ಕೈಮುಗಿದಳು.

"ಮುಖ ಚೆನ್ನಾಗಿದೆ" ಎಂದರು ಅವರು.

"ಹೌದಾ ದೊಡ್ಡಪ್ಪ?" ಎಂದು ಅವಳು ಅರಳಿದಳು.

"ಕಟ್ಟಡದ್ದಮ್ಮಾ ಹೇಳಿದ್ದು. ಮುಖ ನೋಡಿ ಮರುಳಾಗೋ ವಯಸ್ಸಲ್ಲ ಬಿಡು ನಂದು. ನಡಿ ಒಳಗೆ."

ಜೇಯಾ ನಗು ನುಂಗಿಕೊಂಡ. ಮೂವರೂ ಬೀದಿ ದಾಟಿದರು. ಕಮಾನಿನ ಎದುರು ಬಂದದ್ದೇ ತಡ, ದೊಡ್ಡಪ್ಪ ಗಕ್ಕನೆ ನಿಂತುಬಿಟ್ಟರು.

"ಏನಾಯ್ತು ದೊಡ್ಡಪ್ಪ?"

ಅವರು ಗದ್ದ ಮೇಲೆತ್ತಿ ತೋರಿಸಿದರು. ನೀಲಾ ನೋಡಿದಳು. ಬಾಗಿಲಿನ ನೆತ್ತಿಯ ಮೇಲೆ ಸಾಲಾಗಿ, ಹಬ್ಬದ ತೋರಣದ ಹಾಗೆ, ಅಮ್ಮನ ತಮೇನ್‌ಗಳು. ಹೆಂಗಸರು ಸೊಂಟಕ್ಕೆ ಸುತ್ತುವ ಬಟ್ಟೆ. ಅದರ ಕೆಳಗೆ ಹಾದರೆ ಗಂಡಸಿನ ತೇಜಸ್ಸು ಹೋಗುತ್ತದೆಂದು ಇಲ್ಲಿನ ನಂಬಿಕೆ. ಇದನ್ನೆಲ್ಲ ನಂಬುವುದಿಲ್ಲ ಎಂದು ಚಹಾದಂಗಡಿಯಲ್ಲಿ ಭಾಷಣ ಬಿಗಿಯುವ ಗಂಡಸರೂ ಅಂಥ ಜಾಗ ಬಂದಾಗ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಪಕ್ಕಕ್ಕೆ ಸರಿಯುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಮೇಲಿನವರನ್ನು ಕರೆಯಲೆಂದು ಮಹಡಿಯಿಂದ ಇಳಿಬಿಟ್ಟ ಗಂಟೆಯ ದಾರವನ್ನು ನೀಲಾ ಜಗ್ಗಿದಳು. ಮೇಲೆ ಗಂಟೆ ಬಡಿದುಕೊಂಡಿತು, ಅಮ್ಮನಿಗೆ ಕೇಳಿಸಲಿಲ್ಲ. "ಒಂದು ನಿಮಿಷ, ಓಡಿಹೋಗಿ ತೆಗೆದುಬಿಡ್ತೀನಿ" ಎಂದಳು.

"ತೆಗೆದ್ರೂ ಅಷ್ಟೇ. ನೋಡು, ಹೊಸಲು ತುಂಬಾ ಅದರ ನೀರೇ ತೊಟ್ಟಿಕ್ಕಿದೆ. ಅದನ್ನ ತುಳ್ಕೊಂಡು ಹೋಗ್ಲಾ ನಾನು? ಹಿಂದೆ ಬಾಗಿಲಿಲ್ವಾ?"

"ಇದೆ!" ಎಂದ ಜೇಯಾ. ಎಂದಮೇಲೆ ನೀಲಾಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಹಿಂದಿನ ಓಣಿಯಲ್ಲಿ ಇಬ್ಬರು ಅಕ್ಕಪಕ್ಕ ನಡೆಯಲಾಗದು. ಚರಂಡಿ, ಕೊಳವೆಗಳು, ಒಡೆದ ಬಕೆಟ್ಟು, ಬೆಕ್ಕು. ಇಲ್ಲಿ ಗೋಡೆಗೆ ಯಾವ ಅಲಂಕಾರವೂ ಇಲ್ಲ, ಬರೀ ಇಟ್ಟಿಗೆ. ಎಲ್ಲ ಮುಗಿಯಿತು ಎಂದುಕೊಂಡಳು ನೀಲಾ. ಆದರೆ ದೊಡ್ಡಪ್ಪನ ನಡಿಗೆ ನಿಧಾನವಾಯಿತು. ಅವರು ಚೀಲದಿಂದ ಪುಟ್ಟ ಸುತ್ತಿಗೆ ತೆಗೆದು ಒಂದು ಇಟ್ಟಿಗೆಗೆ ಮೆಲ್ಲಗೆ ತಟ್ಟಿದರು. ಠಣ್ ಎಂದಿತು.

"ಕೇಳಿಸ್ತಾ? ಇದು ಹಾಡುತ್ತೆ. ಈಗಿನ ಇಟ್ಟಿಗೆ ಕೆಮ್ಮುತ್ತೆ." ಉಗುರಿನಿಂದ ಸಂದು ಕೆರೆದು ಬೆರಳ ಮೇಲೆ ಉಜ್ಜಿ ನೋಡಿದರು. "ಸುಣ್ಣದ ಗಾರೆ. ಎಷ್ಟು ಹದವಾಗಿ ಅರೆದಿದಾರೆ ನೋಡು, ಬೆಣ್ಣೆ ಹಾಗೆ. ಯಾರೂ ನೋಡದ ಹಿಂಗೋಡೆಗೆ ಇಷ್ಟು ಮರ್ಯಾದೆ ಮಾಡಿದಾರಲ್ಲಪ್ಪಾ!"

ನೀಲಾ ಮುಚ್ಚಿಡಬೇಕೆಂದುಕೊಂಡದ್ದನ್ನೇ ಅವರು ಮುಟ್ಟಿ ಮುಟ್ಟಿ ಮೆಚ್ಚುತ್ತಿದ್ದರು.

ಕಬ್ಬಿಣದ ಸುತ್ತುಮೆಟ್ಟಿಲು ಹತ್ತತೊಡಗಿದರು. ಹಿಂದೆ ನೀರು ಹೊರುವವರಿಗೆ, ಕಕ್ಕಸು ತೊಳೆಯುವವರಿಗೆ ಎಂದೇ ಮಾಡಿದ ಮೆಟ್ಟಿಲು ಅದು. ಅಂಥವರು ಮುಂದಿನ ತೇಗದ ಮೆಟ್ಟಿಲು ಮುಟ್ಟುವಂತಿರಲಿಲ್ಲ. ದೊಡ್ಡಪ್ಪ ನಾಲ್ಕು ಹೆಜ್ಜೆ ಏರಿ ಬಗ್ಗಿದರು. ಪ್ರತಿ ಮೆಟ್ಟಿಲಿಗೂ ಕಮಲದ ಹಾಗೆ ಅರಳಿದ ಒಂದು ಹೂವು, ಎರಕದಲ್ಲೇ ಮೂಡಿದ್ದು.

"ನೀರು ಹೊರೋನ ಕಾಲ ಕೆಳಗೂ ಹೂವಾ?" ಎಂದರು, ತಮ್ಮಷ್ಟಕ್ಕೇ. "ಜೇಯಾ, ನಾವು ಕಟ್ಟೋ ಮನೇಲಿ ಮಾಲೀಕನ ತಲೆ ಮೇಲೂ ಒಂದು ಹೂವಿರಲ್ಲ ಕಣೋ."

ಹುಟ್ಟಿದಾಗಿನಿಂದ ಕಸ ಹೊತ್ತುಕೊಂಡು ಇದೇ ಮೆಟ್ಟಿಲು ಇಳಿದವಳು ನೀಲಾ. ಒಂದು ದಿನವೂ ಕಾಲಡಿ ನೋಡಿರಲಿಲ್ಲ. ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಎರಡನೇ ಮಹಡಿಯ ತಿರುವನ್ನು ಮಾತ್ರ ಅವರು ನೋಡದೆ ದಾಟಲಿ ಎಂದುಕೊಂಡಳು. ಅಲ್ಲಿ ಗೋಡೆಯಿಂದ ಅರಳಿಗಿಡ ಎದ್ದಿತ್ತು. ಸೊಂಟದೆತ್ತರ, ತಾಮ್ರದ ಬಣ್ಣದ ಚಿಗುರು. ಬುಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿ, ಒಂದು ಲೋಟ ನೀರು, ಮಲ್ಲಿಗೆ ಇಡಲಾಗಿತ್ತು. ಅರಳಿಯಲ್ಲಿ ನಾಟ್ ದೇವತೆ ಬಂದು ಮನೆ ಮಾಡುತ್ತದೆಂದು ದಾ ಸೇನ್ ಯೀ ದಿನವೂ ಮಾಡುವ ಪೂಜೆ ಅದು. ದೊಡ್ಡಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಎಲೆ ಸರಿಸಿ ಹಿಂದಿನ ಗೋಡೆಯನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಏನನ್ನೋ ಅಳೆದು ಮೇಲೆ ಹತ್ತಿದರು.

ಮೆಟ್ಟಿಲು ನೇರ ಅಡುಗೆಮನೆಗೆ ಬಾಯಿಬಿಡುತ್ತದೆ. ಒಂದು ಕೆನ್ನೆಗೆ ಮಾತ್ರ ತನಕಾ ತೊಗಟೆಯ ಗಂಧ ಬಳಿದುಕೊಂಡು, ಎಣ್ಣೆಗೆ ಸೋರೆಕಾಯಿ ಬಿಡುತ್ತಿದ್ದ ದಾ ಸೇನ್ ಯೀ ತಿರುಗಿ ನೋಡಿದರೆ ಬೀಗರು!

"ಅಯ್ಯಯ್ಯೋ, ಇಲ್ಲಿಂದ ಯಾಕೆ ಬಂದ್ರಿ?"

"ಮುಂದಿನ ಬಾಗಿಲಲ್ಲಿ ನೀವು ಕಾವಲು ಹಾಕಿದ್ರಲ್ಲಾ ತಾಯಿ" ಎಂದರು ದೊಡ್ಡಪ್ಪ.

ದಾ ಸೇನ್ ಯೀಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ತಡ ಜಾಲರಿ ಸೌಟನ್ನು ಮಗಳ ಕೈಗೆ ತುರುಕಿ ಬಾಲ್ಕನಿಗೆ ಓಡಿದರು.

ಪಡಸಾಲೆಗೆ ಬಂದ ದೊಡ್ಡಪ್ಪ ಕುರ್ಚಿ ಕೊಟ್ಟರೂ ಕೂರಲಿಲ್ಲ. ಕಮಾನಿನ ಕಿಟಕಿಗಳ ಬಣ್ಣದ ಗಾಜಿನಿಂದ ಹಸಿರು, ಹಳದಿ ಬೆಳಕು ನೆಲದ ಮೇಲೆ ಬಿದ್ದಿತ್ತು. ಹೊರಗೆ ಸುಡುಬಿಸಿಲು, ಒಳಗೆ ಕಿಟಕಿಯ ಮರದ ಪಟ್ಟಿಗಳ ನಡುವಿನಿಂದ ನದಿಯ ಗಾಳಿ. ಅವರು ತಲೆಯೆತ್ತಿ ತೊಲೆಗಳನ್ನು ನೋಡಿದರು. ಕತ್ತು ನೋಯಿತೋ ಏನೋ, ಯಾರನ್ನೂ ಕೇಳದೆ ನೆಲದ ಮೇಲೆ ಅಂಗಾತ ಮಲಗಿಯೇ ಬಿಟ್ಟರು.

"ದೊಡ್ಡಪ್ಪಾ!" ಎಂದ ಜೇಯಾ ಗಾಬರಿಯಿಂದ.

"ಸುಮ್ನಿರೋ. ಆ ತೊಲೆ ನೋಡು. ಆ ಗೋಡೆಯಿಂದ ಈ ಗೋಡೆಗೆ ಒಂದೇ ಮರ. ಎಲ್ಲೂ ಜೋಡಣೆ ಇಲ್ಲ, ಎಲ್ಲೂ ಬಾಗಿಲ್ಲ. ಎಂಥಾ ಮರ ಇದ್ದಿರಬೇಕು! ಎಂಥಾ ಜನ ಅದನ್ನ ಮೇಲೆತ್ತಿರಬೇಕು!"

ಮಲಗಿದ್ದಂತೆಯೇ ಮಾತು ಮುಂದುವರಿಸಿದರು.

"ಇಂಥದ್ದೊಂದನ್ನ ನಾನು ಕೆಡವಿದೀನಮ್ಮಾ. ಒಂದು ತಿಂಗಳಲ್ಲಿ ನೆಲಸಮ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೆ. ಮಳೆಗಾಲ ಬಂದು ಹೋಯ್ತು, ಗೋಡೆ ಹೋಗ್ಲಿಲ್ಲ. ಸುತ್ತಿಗೆ ಹಿಡಿ ಮುರೀತು, ಹುಡುಗರ ತೋಳು ಬಿದ್ದುಹೋಯ್ತು. ಕೊನೆಗೆ ಬಿದ್ದ ದಿನ ನನಗೆ ಅನ್ನ ಇಳೀಲಿಲ್ಲ. ಅದಕ್ಕೇ ಹೇಳ್ತೀನಿ, ಈ ಮನೆ ತಾನಾಗಿ ಬೀಳಲ್ಲ. ನನ್ನ ಕಟ್ಟಡ ಎಲ್ಲಾ ಮಣ್ಣಾದ ಮೇಲೂ ಇದು ನಿಂತಿರುತ್ತೆ."

ನೀಲಾಳಿಗೆ ಅಂಥ ಮನೆ ಕೆಡವಿದರಲ್ಲ ಎಂದು ಒಂದು ಕಡೆ ಸಿಟ್ಟು, ಕೆಡವಿದವರ ಬಾಯಿಂದಲೇ ತನ್ನ ಮನೆಗೆ ಇಂಥ ಮಾತು ಬಂತಲ್ಲ ಎಂದು ಇನ್ನೊಂದು ಕಡೆ ಎಲ್ಲೂ ಹಿಡಿಸದ ಹೆಮ್ಮೆ. ಅಷ್ಟರಲ್ಲಿ ಅವರು ಎದ್ದು ಕೂತರು.

"ಆದ್ರೆ ಆ ಅರಳಿಗಿಡ ಇರೋ ತನಕ ನನ್ನ ಹುಡುಗ ಇಲ್ಲಿ ಮಲಗಲ್ಲ. ಸುತ್ತಿಗೆಗೆ ಜಗ್ಗದ ಗೋಡೆ ಬೇರಿಗೆ ಜಗ್ಗುತ್ತೆ. ಆಗ್ಲೇ ಬೆರಳು ಹೋಗೋ ಅಷ್ಟು ಬಿರುಕು ಬಿಟ್ಟಿದೆ. ಇನ್ನೊಂದು ಮಳೆಗಾಲ ಬಿಟ್ರೆ ಬೇರು ಒಳಗೋಡೆಗೂ ಇಳಿಯುತ್ತೆ."

"ಅದನ್ನ ಕೀಳೋದಾ!" ದಾ ಸೇನ್ ಯೀ ಎದೆ ಮೇಲೆ ಕೈಯಿಟ್ಟುಕೊಂಡರು. "ದಿನಾ ನೀರು ಹಾಕಿ ಬೆಳೆಸಿದೀನಿ ನಾನು."

"ದಿನಾ ನೀರು ಹಾಕಿ ನಿಮ್ಮ ಗೋಡೇನ ನೀವೇ ಒಡೀತಿದೀರಿ ತಾಯಿ."

ದಾ ಸೇನ್ ಯೀ ತಬ್ಬಿಬ್ಬಾದರು. ಸಣ್ಣ ದನಿಯಲ್ಲಿ, "ಹಾಗಾದ್ರೆ ನಿಮ್ಮ ಆಳುಗಳ ಕೈಲಿ ತೆಗೆಸಿಬಿಡಿ" ಎಂದರು.

"ಬೀದಿಗೆ ಬೀದಿ ಕೆಡವು ಅಂದ್ರೂ ಕೆಡವ್ತಾರೆ, ಅರಳಿಗೆ ಕೈ ಹಾಕಲ್ಲ ಅವರು. ನಾನೂ ಹಾಕಲ್ಲ. ತೆಗೆದುಕೊಟ್ರೆ ಗೋಡೆ ಮಾತ್ರ ನಾನೇ ಕೂತು ಕಟ್ಟಿಕೊಡ್ತೀನಿ, ಸುಣ್ಣದ ಗಾರೇಲೇ. ಸಿಮೆಂಟು ಸೋಕಿಸಲ್ಲ."

ಜೇಯಾ ಕಾಲಬೆರಳು ನೋಡುತ್ತ ನಿಂತ. ನಾಟ್ ಮುನಿದರೆ ಹೊಸ ಸಂಸಾರ ಎಕ್ಕುಟ್ಟಿ ಹೋಗುತ್ತದೆಂಬ ಭಯ ನೀಲಾಳಿಗೂ ಇತ್ತು. ಅವಳೇನು ಬೇರೆ ಊರಿನಲ್ಲಿ ಹುಟ್ಟಿದವಳೇ? ಆದರೂ ಅವಳು ಕೈಚಾಚಿದಳು. "ಉಳಿ ಇದ್ರೆ ಕೊಡಿ ದೊಡ್ಡಪ್ಪ. ಸುತ್ತಿಗೇನೂ ಕೊಡಿ."

ಎಲ್ಲರೂ ಅವಳ ಹಿಂದೆ ಇಳಿದರು. ನೀಲಾ ಗಿಡದ ಮುಂದೆ ಮಂಡಿಯೂರಿದಳು. ಜೇಯಾ ಅವಳು ಜಾರದಂತೆ ಹಿಂದಿನಿಂದ ಸೊಂಟ ಬಳಸಿ ಹಿಡಿದ. ಅವನು ಗಿಡದ ಕಡೆ ನೋಡಲಿಲ್ಲ, ಆದರೆ ಕೈ ಬಿಡಲಿಲ್ಲ.

"ತಾಯಿ" ಎಂದಳು ನೀಲಾ ಗಿಡಕ್ಕೆ. "ಈ ಮನೆ ಬಿಟ್ಟು ಕದಲಲ್ಲ ಅಂತ ಕಂಡೋರ ಹತ್ರವೆಲ್ಲಾ ಜಗಳ ಆಡಿದೋಳು ನಾನು. ಮನೆ ಬಿಡು ಅನ್ನೋ ಮಾತು ಎಷ್ಟು ಚುಚ್ಚುತ್ತೆ ಅಂತ ನನಗೆ ಗೊತ್ತು. ಆ ನಾನೇ ಈಗ ನಿನಗೆ ಮನೆ ಬಿಡು ಅಂತಿದೀನಿ. ನ್ಯಾಯ ಅಲ್ಲ. ಆದ್ರೂ ಕೇಳ್ತಿದೀನಿ. ಭಿಕ್ಷುಗಳ ವಿಹಾರದ ಅಂಗಳದಲ್ಲಿ ಬೇಕಾದಷ್ಟು ಜಾಗ ಇದೆ, ನಾನೇ ಕರ್ಕೊಂಡು ಹೋಗಿ ಬಿಡ್ತೀನಿ. ಕೋಪ ಇದ್ರೆ ನನ್ನ ಒಬ್ಬಳ ಮೇಲೆ ತೀರಿಸ್ಕೋ."

ಕಣ್ಣೀರು ಒರೆಸಿಕೊಂಡು ಉಳಿ ಇಟ್ಟಳು. ಗಾರೆ ಸುಲಭಕ್ಕೆ ಬಗ್ಗಲಿಲ್ಲ. ಒಂದು ಇಟ್ಟಿಗೆ ಸಡಿಲವಾಯಿತು, ಮತ್ತೊಂದು ಬಂತು. ಒಳಗೆ ಬೇರುಗಳು ಇಟ್ಟಿಗೆಯನ್ನು ಬೊಗಸೆಯಲ್ಲಿ ಹಿಡಿದುಕೊಂಡಿದ್ದವು. ಒಂದೊಂದನ್ನೇ ಬಿಡಿಸುತ್ತ ಬಿಡಿಸುತ್ತ ಕೊನೆಗೆ ಗಿಡ ಪೂರ್ತಿ ಅವಳ ತೋಳಿಗೆ ಬಂತು. ತಾಯಿಬೇರು ಮಾತ್ರ ಮುಷ್ಟಿಗಾತ್ರದ ಗಾರೆಯ ಗಟ್ಟಿಯೊಂದನ್ನು ಬಿಡದೆ ತಬ್ಬಿಕೊಂಡಿತ್ತು. ದೊಡ್ಡಪ್ಪ ಆಗಲೇ ಗೋಡೆಯ ತೂತಿಗೆ ಕೈಹಾಕಿ ಆಳ ನೋಡುತ್ತಿದ್ದರು. ನೀಲಾ ಆ ಗಟ್ಟಿ ಒಡೆಯಲು ಸುತ್ತಿಗೆ ಎತ್ತಿದಳು.

"ಬೇಡ, ಬಿಡಿಸ್ಬೇಡ" ಎಂದರು ದಾ ಸೇನ್ ಯೀ. ಅವರು ಯಾವಾಗ ಹೋಗಿ ಮಣ್ಣಿನ ಕುಂಡ ತಂದರೋ ಯಾರಿಗೂ ತಿಳಿಯಲಿಲ್ಲ. "ಇಷ್ಟು ವರ್ಷ ಇದ್ದ ಮನೆ. ಒಂದು ಚೂರಾದ್ರೂ ಅದರ ಜೊತೆ ಹೋಗ್ಲಿ."

ನೀಲಾ ಸುತ್ತಿಗೆ ಕೆಳಗಿಟ್ಟು, ಗಾರೆಯ ಸಮೇತ ಗಿಡವನ್ನು ಅಮ್ಮ ಹಿಡಿದ ಕುಂಡದಲ್ಲಿ ಇಳಿಸಿದಳು.