ಮುಂದಿನ ಸೀಟಿನ ಆಫೀಸು

ಹೋದ ತಿಂಗಳವರೆಗೂ ಅಂಬಾರಾಯನ ಕಾರಿನ ಮುಂದಿನ ಸೀಟು ಹೆಂಡತಿ ಶರಣಬಸಮ್ಮನದಾಗಿತ್ತು. ಈಗ ಅಲ್ಲಿ ಲ್ಯಾಪ್‌ಟಾಪ್ ಕೂತಿತ್ತು.

ಶಹಾಬಾದಿನ ಕಲ್ಲಿನ ವ್ಯಾಪಾರಿಗೆ ಕಾರಿನಲ್ಲಿ ಲ್ಯಾಪ್‌ಟಾಪ್ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ಅವನೇ ಎಲ್ಲರಿಗೂ ಹೇಳಿಕೊಂಡು ಬಂದ: “ಮೊಬೈಲ್ ಆಫೀಸ್ರಿ.” ಎಲೆಕ್ಟ್ರಿಷನ್ ಅಬ್ದುಲ್ ಗನಿ ಸೀಟು ಕಿತ್ತು ಮನೆಯ ಕಟ್ಟೆಯ ಮೇಲಿಟ್ಟ. ಆ ಜಾಗದಲ್ಲಿ ಕಬ್ಬಿಣದ ಸ್ಟ್ಯಾಂಡ್ ಕೂರಿಸಿದ. ಲೋಕದ ಮಂದಿ ಅದರ ಮೇಲೆ ಹಲಗೆ ಹಾಕುತ್ತಾರೆ. ಅಂಬಾರಾಯ ತನ್ನ ಅಂಗಡಿಯ ಪಾಲಿಶ್ ಹೊಡೆದ ಶಹಾಬಾದಿ ಚಪ್ಪಡಿ ಹಾಕಿಸಿದ.

“ಹಲಗಿ ಅಲ್ಲಾಡ್ತದ. ನಮ್ಮ ಕಲ್ಲು ಅಲ್ಲಾಡ್ತದೇನು?”

“ಕಾರಾದ್ರೂ ಅಲ್ಲಾಡ್ತದೋ ಇಲ್ಲೋ ನೋಡ್ರಿ,” ಅಂದಳು ಶರಣಬಸಮ್ಮ.

ಬಿಸಿಲಿಗೆ ಕಲ್ಲು ಹಂಚಿನಂತೆ ಕಾಯುತ್ತಿತ್ತು. ಅದಕ್ಕೊಂದು ಪುಟ್ಟ ಫ್ಯಾನು ಬಂತು. ಫ್ಯಾನಿನ ಹಿಂದೆ ಪ್ರಿಂಟರ್ ಬಂತು. ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಸತ್ತು ವರ್ಷವಾಗಿತ್ತು. ವೈರು ಕಿತ್ತರೆ ಅದೂ ಶಿವಾಯ ನಮಃ. ಹೀಗಾಗಿ ಈ ಸಂಸಾರವೆಲ್ಲ ನಡೆಯುವುದು ಕಾರಿನ ಬ್ಯಾಟರಿಯ ಮೇಲೆ. ಆ ಕರೆಂಟನ್ನು ಮನೆಯ ಕರೆಂಟಾಗಿ ಮಾಡಿಕೊಡುವ ಇನ್ವರ್ಟರ್ ಡಬ್ಬಿ ಕಲ್ಲಿನ ಕೆಳಗಿತ್ತು. ಬ್ಯಾಟರಿ ಇಳಿದರೆ ಕೂಗಿ ಎಚ್ಚರಿಸುವುದು ಆ ಡಬ್ಬಿಯ ಧರ್ಮ. ಆದರೆ ಆಫೀಸಿನ ಪೂಜೆಯ ದಿನ, ವಿಭೂತಿ ಹಚ್ಚಿ ಕಾಯಿ ಒಡೆದ ಗಳಿಗೆಗೆ ಸರಿಯಾಗಿ, ಸ್ವಿಚ್ಚು ಹಾಕಿದ ಕೂಡಲೇ ಅದು ಒಂದು ಸಲ ಪೀಂ ಎಂದುಬಿಟ್ಟಿತು.

“ನೋಡ್ದೇನು, ಹಲ್ಲಿ ನುಡದಂಗ ನುಡೀತು! ಶುಭ ಅದ,” ಎಂದು ಅಂಬಾರಾಯ ಕೈಮುಗಿದ. ಬೇಡ ಅನ್ನುವುದು ಹೇಗೆಂದು ಗನಿಯೂ ಮುಗಿದ.

ಅದಾದ ಕೆಲವು ದಿನಕ್ಕೆ ಹೊರಟದ್ದು ಚಿಂಚೋಳಿಗೆ. ಶರಣಬಸಮ್ಮನ ತಮ್ಮ ಸಂಗಮೇಶ್ವರನ ಮಗಳ ತೊಟ್ಟಿಲು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಅವಳೇ. ತೀರಿಹೋದ ತಾಯಿ ನೀಲಮ್ಮನ ಹೆಸರನ್ನೇ ಇಡಬೇಕೆಂದು ಅವಳ ಹಟ. ತಡವಾದರೆ ಹೆಸರು ಹೇಳಲು ದೊಡ್ಡಪ್ಪನ ಮಗಳು ಮಾಳಮ್ಮ ತುದಿಗಾಲಲ್ಲಿ ನಿಂತಿದ್ದಳು. ಅವಳ ಬಾಯಲ್ಲಿ ‘ಸ್ವೀಟಿ’ ಎಂಬ ಹೆಸರು ತಯಾರಿತ್ತು.

ಶರಣಬಸಮ್ಮ ಹಿಂದಿನ ಸೀಟಿನಲ್ಲಿ, ಮೊಮ್ಮಗುವನ್ನು ಹಿಡಿದಂತೆ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಚಿತ್ತಾಪುರ ದಾಟಿ ಸೇಡಂ ಮುಟ್ಟಿದಾಗ ಹೊತ್ತು ಇನ್ನೂ ಬೇಕಾದಷ್ಟಿತ್ತು. ಆದರೆ ಸೇಡಮಿನ ಚಹದಂಗಡಿಯ ಮುಂದೆ ಜಗದೇವಪ್ಪ ನಿಂತಿದ್ದ. ಅಂಬಾರಾಯನ ಹಳೆಯ ಗೆಳೆಯ, ಇನ್ನೂ ಆಫೀಸು ನೋಡದವನು.

ಅಂಬಾರಾಯ ಎಂಜಿನ್ ಬಂದ್ ಮಾಡಿದ. ಉಳಿದದ್ದೆಲ್ಲ ಚಾಲೂ ಬಿಟ್ಟ. ಕಲ್ಲಿನ ಫೋಟೊ ತೋರಿಸಿದ, ಪ್ರಿಂಟ್ ತೆಗೆದ, ಮತ್ತೊಂದು ತೆಗೆದ.

“ಭಾಳ ಛಲೋ ಬಂದದ. ಆದ್ರ ಈ ಫೋಟೊ ಯಾತಕ್ಕ, ಕಲ್ಲೇ ಕಾರಿನ್ಯಾಗ ಅದಲ್ಲ?” ಅಂದ ಜಗದೇವಪ್ಪ.

ಡಬ್ಬಿ ಪೀಂ ಎಂದಿತು. ಅಂಬಾರಾಯ ಕೈಮುಗಿದ. ಮತ್ತೆ ಪೀಂ ಎಂದಿತು. ಮತ್ತೆ ಮುಗಿದ.

“ರೀ, ಅದು ಯಾಕೋ ಒಂದೇ ಸವನೆ ಒದರ್ಲಿಕತ್ತದ.”

“ಒದರ್ಲಿ ಬಿಡು. ಶುಭ ಎಷ್ಟಾದ್ರೂ ಛಲೋನೇ.”

“ಹೊತ್ತಾಗ್ಲಿಕತ್ತದ. ಅಲ್ಲಿ ಮಾಳವ್ವ ಸೆರಗು ಕಟ್ಟಿ ನಿಂತಿರ್ತಾಳ.”

“ಫಿಕರ್ ಯಾಕ ಮಾಡ್ತಿ? ವಿಡಿಯೊ ಕಾಲ್ ಹಚ್ಚಿಕೊಡ್ತೀನಿ. ಇಲ್ಲಿಂದೇ ಹೆಸರು ಹೇಳು.”

ಶರಣಬಸಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೆಸರು ಹೇಳಬೇಕಾದ್ರ ಹೆಣ್ಮಕ್ಕಳು ಅತ್ತಿ ಬೆನ್ನಿಗಿ ಗುದ್ತಾರ. ಇಲ್ಲಿ ಗುದ್ದೋರು ಯಾರು, ಜಗದೇವಣ್ಣೇನು?”

ಜಗದೇವಪ್ಪ ಚಹದ ಲೋಟ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಡಬ್ಬಿ ಉದ್ದಕ್ಕೆ ಪೀ... ಎಂದು ಕೊನೆಯ ಶುಭ ನುಡಿದು ಸುಮ್ಮನಾಯಿತು. ಫ್ಯಾನು ನಿಂತಿತು, ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು, ಪ್ರಿಂಟರ್ ಅರ್ಧ ಚಪ್ಪಡಿಯ ಫೋಟೊ ಕಚ್ಚಿಕೊಂಡು ಉಳಿಯಿತು. ಅಂಬಾರಾಯ ಚಾವಿ ತಿರುಗಿಸಿದ. ಕಾರು ಟಕ್ ಎಂದಿತು, ಅಷ್ಟೆ. ಚಹದಂಗಡಿಯ ಮಂದಿ ಬಂದು ನೂಕಿದರು. ಕಾರು ಒಂದಿಷ್ಟು ದೂರ ಉರುಳಿ, ಮನಸ್ಸಿಲ್ಲದ ಎತ್ತಿನಂತೆ ನಿಂತಿತು.

“ಒಳಗ ಏನ್ ತುಂಬೀರಿ ಸಾವ್ಕಾರ್ರೆ, ಕ್ವಾರಿಯೇನು?” ಎಂದು ಒಬ್ಬ ಬೆವರು ಒರೆಸಿಕೊಂಡ.

ಅಂಬಾರಾಯ ಬಾನೆಟ್ ಎತ್ತಿ ಒಳಗೆ ನೋಡುತ್ತ ನಿಂತ. ಏನೂ ತಿಳಿಯದ ಗಂಡಸರು ಆ ಹೊತ್ತಿಗೆ ಮಾಡುವುದೇ ಅದು. ಶರಣಬಸಮ್ಮ ಪ್ರಿಂಟರನ್ನು ಜಗದೇವಪ್ಪನ ಕೈಗಿತ್ತಳು. ಕೂಸಿನ ಕುಂಚಿಗೆ, ಬೆಳ್ಳಿಯ ಕಡಗ ಇದ್ದ ಚೀಲ ಹೆಗಲಿಗೇರಿಸಿ, ಚಿಂಚೋಳಿಗೆ ಹೊರಟಿದ್ದ ಬಾಡಿಗೆಯ ಕ್ರೂಸರ್ ಜೀಪಿಗೆ ಕೈ ಮಾಡಿದಳು.

“ಜಾಗ ಅದ ಏನಪಾ?”

“ಮುಂದ ಬರ್ರಿ ಅಕ್ಕಾ, ಮುಂದಿನ ಸೀಟ್ ಖಾಲಿ ಅದ.”

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದೆ ಹತ್ತಿ ಕೂತಳು. ಹಿಂದಿರುಗಿ ನೋಡಲಿಲ್ಲ.

ಚಿಂಚೋಳಿಯಲ್ಲಿ ಮಾಳಮ್ಮ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ಕೈ ಅಡ್ಡ ಹಿಡಿದಿದ್ದಳು. “ಏ, ಸರಿ ಆಕಡಿ!” ಎನ್ನುತ್ತ ಶರಣಬಸಮ್ಮ ಚಪ್ಪಲಿ ಹೊಸಿಲಲ್ಲೇ ಹಾರಿಸಿ ನುಗ್ಗಿದಳು. ಕುರ್ರ್ ಎಂದಳು. ನೀಲಮ್ಮ ಅಂದಳು. ಬೆನ್ನ ಮೇಲೆ ಗುದ್ದುಗಳು ಬಿದ್ದವು. ಎಲ್ಲಕ್ಕಿಂತ ಜೋರಾದದ್ದು ಮಾಳಮ್ಮನದೇ.

ಊಟದ ಎಲೆ ಎತ್ತಿದ ಮೇಲೆ ಕಾರು ಬಂತು. ಮುಂದೆ ಟ್ರ್ಯಾಕ್ಟರ್, ನಡುವೆ ಹಗ್ಗ, ಹಿಂದೆ ಆಫೀಸು. ಅಂಬಾರಾಯ ಇಳಿದು, ಯಾರೂ ಕೇಳದಿದ್ದರೂ, “ಬ್ಯಾಟರಿ ಕಂಪನಿದೇ ತಪ್ಪು,” ಅಂದ.

ಶರಣಬಸಮ್ಮ ತಮ್ಮನನ್ನು ಕರೆದಳು. “ಸಂಗು, ನಿಮ್ಮ ಬಚ್ಚಲಕ್ಕ ಕಲ್ಲು ಬೇಕಂದಿದ್ದಿ ಅಲ್ಲ? ಒಳಗ ಅದ, ಇಳಸ್ಕೊ. ಪಾಲಿಶ್ ಮಾಡಿದ್ದು.”

ಅಂಬಾರಾಯ ಸುತ್ತ ನೋಡಿದ. ಹೆಣ್ಣುಮಕ್ಕಳು ಅಷ್ಟು ಜನ ನೋಡುತ್ತಿದ್ದರು, ತಾನೇ ಹೋಗಿ ಕಾರಿನ ಬಾಗಿಲು ತೆರೆದ.

ಕಲ್ಲು ಇಳಿಯಿತು. ಮರುದಿನ ಹೊಸ ಬ್ಯಾಟರಿ ಬಂದು ಕಾರೂ ಶುರುವಾಯಿತು. ಅಂಬಾರಾಯ ಹಿಂದಿನ ಬಾಗಿಲು ತೆರೆದು, “ಬಾ, ಕುಂದ್ರು,” ಅಂದ.

ಶರಣಬಸಮ್ಮ ಪುಟ್ಟ ನೀಲಮ್ಮನನ್ನು ಹೆಗಲಿಗೆ ಹಾಕಿಕೊಂಡು ಹೊಸಿಲಲ್ಲೇ ನಿಂತಳು.

“ನನ್ನ ಸೀಟು ನಮ್ಮ ಮನಿ ಕಟ್ಟಿ ಮ್ಯಾಲ ಅದ. ಹೋಗಿ ಅದನ್ನ ಕುಂದ್ರಿಸ್ಕೊಂಡು ಬರ್ರಿ. ಆಮ್ಯಾಲ ನಾ ಕುಂದ್ರತೀನಿ.”